ತೊಟ್ಟವರ ಒಂದು ಸಾಲು

ನಮ್ಮ ಅತ್ತಿಗೆಯನ್ನು ಬೀದಿಯವರೆಲ್ಲ ಟೇಪಕ್ಕ ಎನ್ನುತ್ತಾರೆ. ಕೊರಳಲ್ಲಿ ಅಳತೆಯ ಟೇಪು ಇಲ್ಲದೆ ಅವರನ್ನು ಕಂಡವರು ಕಡಿಮೆ. ಹಲ್ಲುಜ್ಜುವಾಗಲೂ ಇರುತ್ತದೆ, ಬ್ಯಾಂಕಿನ ಸಾಲಿನಲ್ಲಿ ನಿಂತಾಗಲೂ ಇರುತ್ತದೆ. ಯಾರದೋ ಮದುವೆಯ ಗುಂಪು ಫೋಟೋದಲ್ಲಿ ಉಳಿದ ಹೆಂಗಸರೆಲ್ಲ ಸರ ಹಾಕಿಕೊಂಡು ನಿಂತಿದ್ದರೆ ಇವರು ಟೇಪು ಹಾಕಿಕೊಂಡು ನಿಂತಿದ್ದಾರೆ. ಕೇಳಿದರೆ, "ತೂಕ ಕಡಿಮೆ, ಕಳ್ಳರ ಭಯ ಇಲ್ಲ" ಎನ್ನುತ್ತಾರೆ.

ನಾನು ಅವರ ಗಂಡನ ತಂಗಿ. ಅತ್ತಿಗೆಯ ಬಗ್ಗೆ ನಾದಿನಿ ಹೇಳುವ ಮಾತನ್ನು ಯಾರೂ ಪೂರ್ತಿ ನಂಬುವುದಿಲ್ಲ, ಅದು ನನಗೂ ಗೊತ್ತು. ಆದರೂ ಅವರ ಪಟ್ಟಿಯ ಕಥೆ ಹೇಳುವುದಕ್ಕೆ ನನ್ನನ್ನು ಬಿಟ್ಟರೆ ಬೇರೆ ಜನ ಇಲ್ಲ, ಏಕೆಂದರೆ ಅದರ ಅರ್ಧ ತಲೆನೋವು ನನ್ನದು.

ಅತ್ತಿಗೆ ಟೈಲರ್. ಮನೆಯ ಮುಂದಿನ ಕೋಣೆಯೇ ಅಂಗಡಿ. ಎರಡು ಮಶಿನ್, ಓಡಾಡಲು ಜಾಗ ಬಿಡದ ಒಂದು ಕತ್ತರಿಸುವ ಮೇಜು, ಗೋಡೆಯ ಮೊಳೆಗಳಿಗೆ ತೂಗುಬಿಟ್ಟ ಕಂದು ಕಾಗದದ ನಮೂನೆಗಳು. ನಮೂನೆ ಎಂದರೆ ಬಟ್ಟೆಯ ಮೇಲಿಟ್ಟು, ಸುತ್ತ ಗೆರೆ ಎಳೆದು ಕತ್ತರಿಸುವ ಕಾಗದ. ಅವರ ಗಿರಾಕಿಗಳಲ್ಲಿ ಹೆಚ್ಚಿನವರು ರೆಡಿಮೇಡ್ ಬಟ್ಟೆ ಮೈಗೆ ಕೂರದವರು. ಒಂದು ಭುಜ ಇಳಿದ ಅಂಚೆಯವರು, ಬೆನ್ನು ಬಾಗಿದ ಒಬ್ಬ ಅಜ್ಜಿ, ಗಾಲಿಕುರ್ಚಿಯ ಆಡಿಟರ್. ಇಂಥವರಿಗೆ ಹೊಲಿಯುವುದನ್ನು ಅತ್ತಿಗೆಗೆ ಯಾರೂ ಕೂರಿಸಿ ಕಲಿಸಲಿಲ್ಲ. ಕಂಪ್ಯೂಟರಿನಲ್ಲಿ ಹುಡುಕಿ ಹುಡುಕಿ ಕಲಿತರು. ದೂರದ ಊರುಗಳಲ್ಲಿ ಯಾರ್ಯಾರೋ ಇಂಥ ನಮೂನೆ ಬರೆದು, ಯಾರು ಬೇಕಾದರೂ ತಗೊಳ್ಳಿ, ತಿದ್ದಿ, ಹೊಲಿದು ಮಾರಿಕೊಳ್ಳಿ ಎಂದು ಎಲ್ಲರಿಗೂ ತೆರೆದಿಟ್ಟಿರುತ್ತಾರೆ. ತೊಂದರೆ ಏನೆಂದರೆ ಅವುಗಳಲ್ಲಿ ಕಾಳಿಗಿಂತ ಜೊಳ್ಳು ಹೆಚ್ಚು.

"ಒಳ್ಳೇವನ್ನ ಮಾತ್ರ ಒಂದು ಕಡೆ ಬರೆದಿಡೇ" ಎಂದು ಅತ್ತಿಗೆ ನನಗೆ ಹೇಳಿದರು. ನಾನು ಒಂದು ಕಂಪನಿಯಲ್ಲಿ ವೆಬ್ ಪುಟಗಳ ಬರಹ ತಿದ್ದುವವಳು. ಪ್ರೋಗ್ರಾಂ ಬರೆಯುವವರು ತಮ್ಮ ಕೆಲಸವನ್ನು ಊರಿಗೆಲ್ಲ ತೆರೆದಿಡುವ ತಾಣವೊಂದಿದೆ. ಅಲ್ಲಿ ಒಂದು ಪುಟ ಮಾಡಿ, 'ತೊಟ್ಟು ನೋಡಿದ ನಮೂನೆಗಳು' ಎಂದು ಹೆಸರಿಟ್ಟು, ಅತ್ತಿಗೆ ಮೆಚ್ಚಿದ ನಮೂನೆಗಳ ಲಿಂಕುಗಳನ್ನು, ಅಂದರೆ ಕೊಂಡಿಗಳನ್ನು, ಹಾಕಿದೆ. ಯಾರು ಬೇಕಾದರೂ ಹೊಸದನ್ನು ಸೂಚಿಸಬಹುದು, ನಾವು ನೋಡಿ ಒಪ್ಪಿದರೆ ಸೇರುತ್ತದೆ. ಹಾಗೆ ಸೂಚಿಸುವುದಕ್ಕೆ ಅಲ್ಲಿ ಪುಲ್ ರಿಕ್ವೆಸ್ಟ್ ಎನ್ನುತ್ತಾರೆ. ಅತ್ತಿಗೆಯ ಬಾಯಲ್ಲಿ ಅದು ಅರ್ಜಿ.

ಮೊದಮೊದಲು ಅರ್ಜಿಗಳೇ ಇರಲಿಲ್ಲ. ಆಮೇಲೆ ಬಂದವು ನೋಡಿ, ಕಟ್ಟೆ ಒಡೆದ ಹಾಗೆ. ಒಬ್ಬರು ಒಂದೇ ಅರ್ಜಿಯಲ್ಲಿ ಮೂಟೆಗಟ್ಟಲೆ ಕೊಂಡಿ ಸುರಿದರು. ಇನ್ನೊಬ್ಬರ ಕೊಂಡಿ ಒತ್ತಿದರೆ ಕಿಟಕಿ ಪರದೆ ಮಾರುವ ಅಂಗಡಿ ತೆರೆಯುತ್ತಿತ್ತು. ಮತ್ತೊಬ್ಬರು ತಾವೇ ಬರೆದ ಪ್ಯಾಂಟಿನ ನಮೂನೆಗೆ 'ಜಗತ್ತಿನಲ್ಲೇ ಅತ್ಯುತ್ತಮ' ಎಂದು ವಿವರಣೆ ಕೊಟ್ಟಿದ್ದರು. ಅತ್ತಿಗೆ ಓದಿ, "ಹೆತ್ತವರಿಗೆ ಹೆಗ್ಗಣ ಮುದ್ದು. ಮುದ್ದು ಮಾಡ್ಕೊಳ್ಳಲಿ, ನಮ್ಮನೆ ಒಳಗೆ ಬಿಡಬೇಡ" ಎಂದರು.

ಆಗ ನಿಯಮ ಬರೆಯಲೇಬೇಕಾಯಿತು. ಅತ್ತಿಗೆ ಮಶಿನ್ ತುಳಿಯುತ್ತ ಹೇಳುವುದು, ನಾನು ಮೇಜಿನ ಮೂಲೆಯಲ್ಲಿ ಬಟ್ಟೆ ಚೂರು ಸರಿಸಿ ಲ್ಯಾಪ್‌ಟಾಪ್ ಇಟ್ಟುಕೊಂಡು ಬರೆಯುವುದು. "ಒಂದು ಅರ್ಜಿಗೆ ಒಂದೇ ಬಟ್ಟೆ. ಮೊದಲೇ ಪಟ್ಟೀಲಿ ಇದೆಯಾ ಅಂತ ನೋಡ್ಕೊಂಡು ಬನ್ನಿ. ಅಕ್ಷರದ ಕ್ರಮದಲ್ಲಿ ಎಲ್ಲಿ ಬರುತ್ತೋ ಅಲ್ಲೇ ಕೂರಿಸಿ, ಎಲ್ಲರ ತಲೆ ಮೇಲೆ ಬಂದು ಕೂರಬೇಡಿ. ಏನು, ಯಾರಿಗೆ, ಎಂಥ ಬಟ್ಟೇಲಿ ಹೊಲಿಯೋದು, ಅಷ್ಟು ಹೇಳೋಕೆ ಒಂದು ಸಾಲು ಸಾಕು. ಹೊಗಳಿಕೆ ಬೇಡ." ನಾನು ಅಲ್ಲಲ್ಲಿ 'ದಯವಿಟ್ಟು' ಸೇರಿಸುತ್ತ ಹೋದೆ. ಓದಿ ಹೇಳಿದಾಗ ಅತ್ತಿಗೆ ಕಾಲು ನಿಲ್ಲಿಸಿದರು. "ಇಷ್ಟೊಂದು ದಯವಿಟ್ಟು ಯಾಕೇ? ನಾವೇನು ಭಿಕ್ಷೆ ಬೇಡ್ತಿದ್ದೀವಾ?" ಅರ್ಧದಷ್ಟು ತೆಗೆದೆ.

ಆದರೆ ನಮ್ಮ ಪಟ್ಟಿಗೆ ಹೆಸರು ತಂದ ನಿಯಮ ಹುಟ್ಟಿದ್ದು ಆಡಿಟರ್ ಕೋಟಿನಿಂದ. ಯಾರೋ ಹೊಲಿಗೆಯವರು, ಸದಾ ಕೂತಿರುವವರಿಗೆಂದೇ ಬರೆದ ಕೋಟಿನ ನಮೂನೆ ಎಂದು ಕಳಿಸಿದ್ದರು. ತಾವೇ ಹೊಲಿದಿದ್ದೇವೆ, ಬಹಳ ಚೆನ್ನಾಗಿ ಬಂದಿದೆ ಎಂದೂ ಹೇಳಿದ್ದರು. ಅತ್ತಿಗೆ ನಂಬಿ ಪಟ್ಟಿಗೆ ಸೇರಿಸಿದರು, ಹೊಲಿದು ಆಡಿಟರಿಗೆ ಕೊಟ್ಟರು. ಅವರು ಸಂಕೋಚದ ಮನುಷ್ಯ. ವಾರಗಟ್ಟಲೆ ತೊಟ್ಟುಕೊಂಡು ಓಡಾಡಿ, ಕೊನೆಗೆ ಒಂದು ದಿನ ಬಾಗಿಲಲ್ಲಿ ಕುರ್ಚಿ ನಿಲ್ಲಿಸಿ, "ಬೇಜಾರು ಮಾಡ್ಕೋಬೇಡಿ. ಬೆನ್ನ ಹಿಂದೆ ಬಟ್ಟೆ ಮುದ್ದೆಯಾಗಿ ಸೊಂಟ ಒತ್ತುತ್ತೆ. ಇದನ್ನ ಬರೆದವರು ಬಹುಶಃ ನಿಂತ್ಕೊಂಡೇ ಹಾಕಿ ನೋಡಿರಬೇಕು" ಎಂದರು.

ಅತ್ತಿಗೆಯ ಮುಖ ಕೆಂಪಾಯಿತು. ಆ ದಿನವೇ ಕೋಟನ್ನು ಪಟ್ಟಿಯಿಂದ ತೆಗೆಸಿ ಹೊಸ ನಿಯಮ ಹೇಳಿದರು. ಹೊಲಿದವರ ಮಾತು ಬೇಡ, ತೊಟ್ಟವರ ಮಾತು ಬೇಕು. ಪ್ರತಿಯೊಂದು ನಮೂನೆಯ ಜೊತೆಗೂ ಅದನ್ನು ದಿನನಿತ್ಯ ತೊಟ್ಟವರೇ ಬರೆದ ಒಂದು ಸಾಲು ಇರಬೇಕು. ಅದನ್ನು ಬೇರೆಯವರು ಹೇಳಿಕೊಡುವಂತಿಲ್ಲ, ತಿದ್ದುವಂತಿಲ್ಲ. ಆ ಸಾಲು ಬರುವ ತನಕ ಅರ್ಜಿ ಎಷ್ಟೇ ಅಂದವಾಗಿದ್ದರೂ ಹೊರಗೇ ಕಾಯಬೇಕು.

ಜನ ಬೈದರು. "ಪುಕ್ಕಟೆ ಪಟ್ಟಿಗೆ ಇಷ್ಟು ಬಿಗುಮಾನವೇ" ಎಂದು ಒಬ್ಬರು ಬರೆದರು. ನನಗೆ ಮೂಗಿನ ತುದಿಯಲ್ಲೇ ಕೋಪ, ಉತ್ತರ ಟೈಪ್ ಮಾಡಲು ಕೂತೆ. ಅತ್ತಿಗೆ ಬೇಡವೆಂದರು. ಪಟ್ಟಿ ಚಿಕ್ಕದಾಯಿತು ನಿಜ, ಆದರೆ ಅದನ್ನು ನಂಬಿ ಬಟ್ಟೆಗೆ ಕತ್ತರಿ ಹಾಕುವವರು ಹೆಚ್ಚಾದರು.

ಇಷ್ಟರಲ್ಲಿ ಅಣ್ಣನಿಗೆ ಪಾರ್ಶ್ವವಾಯು ಬಡಿಯಿತು. ಅಣ್ಣ ಬಸ್ ಡ್ರೈವರ್. ಎಡಗೈ ಸೋತಿತು, ಎಡಗಾಲು ಸ್ವಲ್ಪ ಎಳೆಯತೊಡಗಿತು. ಮಾತಿಗೆ ಏನೂ ಆಗಲಿಲ್ಲ, ಆದರೆ ಅವನು ಮೊದಲಿನಿಂದಲೂ ಮಾತನ್ನು ಡೀಸೆಲ್ಲಿನ ಹಾಗೆ ಉಳಿಸಿಕೊಂಡು ಬಂದವನು. ಇನ್ನು ಬಸ್ ಓಡಿಸುವುದಾಗದು ಎಂದು ಡಾಕ್ಟರು ಹೇಳಿದ ಮೇಲೆ ಡಿಪೋ ಮ್ಯಾನೇಜರ್ ಮನೆಗೇ ಬಂದರು. ವಿಚಾರಣೆ ಕೌಂಟರಿನಲ್ಲಿ ಜಾಗ ಖಾಲಿಯಿದೆ, ವರ್ಷದ ಕೊನೆಯ ತನಕ ಬೇರೆಯವರಿಗೆ ಕೊಡದೆ ಇಟ್ಟಿರುತ್ತೇನೆ, ಬನ್ನಿ ಎಂದರು. ಅಣ್ಣ ತಲೆ ಆಡಿಸಿದ. ಅವರು ಹೋದ ಮೇಲೆ ನಮ್ಮ ಕಡೆ ತಿರುಗಿದ.

"ಬೆಳಿಗ್ಗೆ ಎದ್ದು ಹೆಂಡತಿ ಕೈಲಿ ಶರ್ಟು ಹಾಕಿಸ್ಕೊಂಡು ಹೋಗಿ, ಊರವರಿಗೆಲ್ಲ ದಾರಿ ಹೇಳ್ಬೇಕಾ? ನನ್ನ ಶರ್ಟು ನಾನೇ ಹಾಕ್ಕೊಂಡ ದಿನ ಹೋಗ್ತೀನಿ. ಅಲ್ಲೀತನಕ ಡಿಪೋ ಹೆಸರು ಎತ್ತಬೇಡಿ."

ಅಷ್ಟು ಉದ್ದದ ಮಾತು ಅವನ ಬಾಯಿಂದ ನಾನು ಕೇಳಿದ್ದು ಅಪರೂಪ. ಆಮೇಲೆ ಬನಿಯನ್ನಿನಲ್ಲೇ ಕಿಟಕಿಯ ಪಕ್ಕ ಕೂತು, ಹೋಗಿಬರುವ ಬಸ್ಸುಗಳನ್ನು ನೋಡುವುದೇ ಅವನ ದಿನಚರಿಯಾಯಿತು. ಯಾವ ಬಸ್ಸು ತಡ, ಯಾರು ಗೇರು ಸರಿಯಾಗಿ ಹಾಕುತ್ತಿಲ್ಲ ಎಂದು ಆಗೊಮ್ಮೆ ಈಗೊಮ್ಮೆ ಗೊಣಗುತ್ತಿದ್ದ. ಅವನನ್ನು ನೋಡಿದಾಗಲೆಲ್ಲ ನಾನು ಅತ್ತುಬಿಡುತ್ತಿದ್ದೆ.

ಅತ್ತಿಗೆ ಮಾತ್ರ ಅಳುತ್ತ ಕೂರುವವರಲ್ಲ. ಮೇಜಿನ ಮೇಲೆ ಕಂದು ಕಾಗದ ಹಾಸಿದರು. ಒಂದೇ ಕೈಯಲ್ಲಿ ಹಾಕಿಕೊಳ್ಳುವ ಶರ್ಟು ನಮ್ಮ ಪಟ್ಟಿಯಲ್ಲಿ ಇರಲಿಲ್ಲ. ಕೇಳಿದವರು ಬೇಕಾದಷ್ಟಿದ್ದರು, ಬಂದ ಅರ್ಜಿಗಳಲ್ಲಿ ಒಂದೂ ತೊಟ್ಟವರ ಸಾಲಿನ ತನಕ ಮುಟ್ಟಿರಲಿಲ್ಲ. ಹಾಗಾಗಿ ತಾವೇ ಬರೆಯಲು ನಿಂತರು. ವ್ಯಾಯಾಮ ಮಾಡಿಸಲು ಬರುತ್ತಿದ್ದ ಫಿಸಿಯೋ ಮೇಡಂ, "ಸೋತ ಕೈ ಮೊದಲು, ಗಟ್ಟಿ ಕೈ ಆಮೇಲೆ" ಎಂದು ಹೇಳಿದ್ದರು. ಅದರಂತೆ ಎಡ ತೋಳನ್ನು ಅಗಲ ಮಾಡಿ, ಕಂಕುಳಿನಿಂದ ಮೊಣಕೈ ತನಕ ಬಿಚ್ಚಿಕೊಳ್ಳುವ ಹಾಗೆ ಇಟ್ಟರು. ಎದೆಯ ಮೇಲಿನ ಗುಂಡಿಗಳು ಬರೀ ತೋರಿಕೆಗೆ, ಅಡಿಯಲ್ಲಿ ಒತ್ತಿದರೆ ಅಂಟುವ ವೆಲ್ಕ್ರೋ ಪಟ್ಟಿ. ಕುತ್ತಿಗೆಗೆ ವೆಲ್ಕ್ರೋ ಚುಚ್ಚುತ್ತದೆಂದು ಕಾಲರಿಗೆ ಮಾತ್ರ ನಿಜವಾದ ಗುಂಡಿ ಇಟ್ಟು, ಅದಕ್ಕೆ ಎಲಾಸ್ಟಿಕ್ಕಿನ ಕುಣಿಕೆ ಹಾಕಿದರು. ಡಿಪೋದವರಿಗೆ ಕಾಲರ್ ಗುಂಡಿ ಹಾಕಿರಲೇಬೇಕು, ಅದು ಅವರ ಶಿಸ್ತು.

ಪರೀಕ್ಷೆ ಮಾಡಲು ತಮ್ಮ ಎಡಗೈಯನ್ನು ಕೊರಳ ಟೇಪಿನಿಂದಲೇ ಸೊಂಟಕ್ಕೆ ಬಿಗಿದುಕೊಂಡು, ಅಂಗಡಿಯ ನಡುವೆ ನಿಂತು ಶರ್ಟು ಹಾಕಿಕೊಂಡು ನೋಡಿದರು. ಸಲೀಸಾಗಿ ಬಂತು. ಅದೇ ಹೊತ್ತಿಗೆ ಬಟ್ಟೆ ತಗೊಂಡು ಹೋಗಲು ಬಂದ ಅಜ್ಜಿ ಬಾಗಿಲಲ್ಲೇ ನಿಂತು, "ಇದ್ಯಾಕಮ್ಮಾ, ನಿನ್ನನ್ನ ಯಾರು ಕಟ್ಟಿಹಾಕಿದ್ದು?" ಎಂದು ಗಾಬರಿಯಾದರು.

"ಮದುವೆ ದಿನಾನೇ ಕಟ್ಟಿದ್ದಜ್ಜಿ. ನಿಮಗೆ ಇವತ್ತು ಕಾಣಿಸ್ತಿದೆ, ಅಷ್ಟೇ."

ಅಣ್ಣ ಮರುದಿನದಿಂದಲೇ ಶರ್ಟು ತೊಡತೊಡಗಿದ. ಕಿಟಕಿಯ ಕುರ್ಚಿಯಲ್ಲಿ ಬನಿಯನ್ನಿನ ಬದಲು ಇಸ್ತ್ರಿ ಮಾಡಿದ ಶರ್ಟಿನಲ್ಲಿ ಕೂತ ಅವನನ್ನು ನೋಡಿ ನಾನು ಖುಷಿಪಟ್ಟೆ. ನನ್ನ ಮನೆ ಹಿಂದಿನ ಬೀದಿಯಲ್ಲಿ, ಕೆಲಸ ಮುಗಿಸಿ ಸಂಜೆ ಬರುವವಳು. ಅವನು ಬೆಳಿಗ್ಗೆ ಹೇಗೆ ಹಾಕಿಕೊಳ್ಳುತ್ತಾನೆ ಎಂಬುದನ್ನು ಕಂಡಿರಲಿಲ್ಲ. ಆದರೆ ಡಿಪೋದ ಮಾತೆತ್ತಿದರೆ, "ನೋಡೋಣ" ಎನ್ನುತ್ತಿದ್ದ. ಶರ್ಟು ಬಂದರೂ ಮನುಷ್ಯ ಕುರ್ಚಿ ಬಿಟ್ಟು ಏಳಲಿಲ್ಲ.

ಅತ್ತಿಗೆ ನಮೂನೆಯನ್ನು ಪಟ್ಟಿಗೆ ಅರ್ಜಿ ಹಾಕಿದರು. ಬೇಲಿಯೇ ಎದ್ದು ಹೊಲ ಮೇಯಬಾರದಲ್ಲ, ಅದಕ್ಕೂ ನಮ್ಮಲ್ಲಿ ನಿಯಮವಿತ್ತು. ಪಟ್ಟಿ ನೋಡಿಕೊಳ್ಳುವವರ ಸ್ವಂತ ನಮೂನೆಯಾದರೆ ಹೊರಗಿನವರು ಹೊಲಿದು ನೋಡಬೇಕು, ಒಪ್ಪುವುದೂ ಅವರೇ. ಬೇರೆ ಊರಿನಲ್ಲಿ ಚೀಲ ಹೊಲಿಯುವ ಹೆಂಗಸೊಬ್ಬರು ಪಟ್ಟಿಯ ಕೆಲಸದಲ್ಲಿ ನಮಗೆ ಕೈಜೋಡಿಸಿದ್ದರು. ನಾವು ಅವರನ್ನು ಚೀಲದವರು ಎಂದೇ ಕರೆಯುವುದು. ಅವರು ಹೊಲಿದು ನೋಡಿ ಬರೆದರು: "ಕಾಗದ ಸರಿಯಿದೆ, ಹೊಲಿಗೆ ಸರಿಯಾಗಿ ಕೂತಿದೆ. ತೊಟ್ಟವರ ಸಾಲು ಎಲ್ಲಿ?"

ತೊಟ್ಟವರು ಕಿಟಕಿಯ ಪಕ್ಕ ಬಸ್ಸು ನೋಡುತ್ತಿದ್ದರು. "ರೀ, ಒಂದು ಸಾಲು ಬರೆದುಕೊಡ್ರಿ" ಎಂದು ಅತ್ತಿಗೆ ಕೇಳಿದರೆ "ಹೂಂ" ಎನ್ನುತ್ತಿದ್ದ. ಮತ್ತೆ ಕೇಳಿದರೆ ಮತ್ತೆ "ಹೂಂ". ದಿನಗಳು ಕಳೆದವು, ಸಾಲು ಬರಲಿಲ್ಲ. ಬೇರೆ ಊರುಗಳವರು ಆ ಅರ್ಜಿಯ ಕೆಳಗೆ, ಇದು ಯಾವಾಗ ಸೇರುತ್ತದೆ, ನಮ್ಮ ತಂದೆಗೆ ಬೇಕು, ನನಗೇ ಬೇಕು ಎಂದು ಬರೆಯತೊಡಗಿದರು. ಒಂದು ಸಂಜೆ ನನಗೆ ತಡೆಯಲಾಗಲಿಲ್ಲ.

"ಅಣ್ಣ, ಒಂದು ಸಾಲು ಬರೆಯೋಕೆ ನಿನಗೇನು ಧಾಡಿ? ಅತ್ತಿಗೆ ಊಟ ನಿದ್ದೆ ಬಿಟ್ಟು ಹೊಲಿದಿದ್ದಾರೆ."

"ಏನಂತ ಬರೀಲಿ?"

"ಇದ್ದದ್ದು ಬರಿ."

"ಇದ್ದದ್ದೇ ಬರೀಬೇಕಾ?"

"ಇದ್ದದ್ದೇ. ನಿಯಮ ಇರೋದೇ ಹಾಗೆ."

"ಫೋನು ಕೊಡು" ಎಂದ ಅಣ್ಣ. ಬಲಗೈ ಹೆಬ್ಬೆರಳಿನಲ್ಲಿ ಒಂದೊಂದೇ ಅಕ್ಷರ ಒತ್ತಿ, ನನಗೆ ತೋರಿಸದೆ ಅರ್ಜಿಯ ಕೆಳಗೇ ಕಳಿಸಿದ. ಅಂಗಡಿಯಲ್ಲಿ ಅತ್ತಿಗೆಯ ಫೋನು ಟಿಣ್ ಎಂದಿತು. ಅವರು ಓದಿದರು. ಮಶಿನ್ ನಿಂತಿತು.

ಅಣ್ಣ ಬರೆದದ್ದು ಇಷ್ಟು: "ತೋಳು ನಾನೇ ಹಾಕಿಕೊಳ್ಳುತ್ತೇನೆ. ಎದೆಯ ಪಟ್ಟಿ ನಾನೇ ಒತ್ತುತ್ತೇನೆ. ಕಾಲರ್ ಗುಂಡಿ ಹೆಂಡತಿ ಹಾಕುತ್ತಾಳೆ. ಒಂದೇ ಕೈಯಲ್ಲಿ ಆಗುತ್ತದೆ ಎಂದು ಪಟ್ಟಿಗೆ ಸೇರಿಸಬೇಡಿ."

"ನಾನಾ?" ಅತ್ತಿಗೆ ಎದ್ದು ಒಳಗೆ ಬಂದರು. "ನಾನೆಲ್ಲಿ ಹಾಕ್ತೀನಿ? ಯಾವತ್ತು ಹಾಕಿದೀನಿ?"

"ದಿನಾ" ಎಂದ ಅಣ್ಣ.

ನನಗೆ ರೇಗಿತು. "ಇದನ್ನ ಮನೇಲಿ ಹೇಳೋದು ಬಿಟ್ಟು ಊರಿಗೆಲ್ಲ ಕಾಣೋ ಹಾಗೆ ಬರೀತೀಯಲ್ಲ!"

"ಮನೇಲಿ ಹೇಳಿದ್ದೀನಿ. 'ಬಿಡೇ, ನಾನು ಹಾಕ್ಕೋತೀನಿ' ಅಂತ ದಿನಾ ಹೇಳ್ತೀನಿ. ಅವಳಿಗೆ ಕೇಳಿಸಲ್ಲ. ಅರ್ಜಿ ಆದ್ರೆ ಓದ್ತಾಳೆ ಅಂತ ಗೊತ್ತಿತ್ತು."

ಅತ್ತಿಗೆ ಸುಳ್ಳು ಹೇಳುವವರಲ್ಲ, ಅಣ್ಣನೂ ಅಲ್ಲ. ಇಬ್ಬರೂ ಸರಿ ಹೇಗಾಗುತ್ತಾರೆ ಎಂದು ನೋಡಲು ಮರುದಿನ ಬೆಳಿಗ್ಗೆ ಕಚೇರಿಗೆ ಹೋಗುವ ಮುಂಚೆ ಅಲ್ಲಿಗೆ ಹೋದೆ. ಅಣ್ಣ ಮಂಚದ ಅಂಚಿನಲ್ಲಿ ಕೂತು ಸೋತ ಕೈಗೆ ತೋಳು ಏರಿಸಿದ. ಬಲಗೈ ತೂರಿಸಿದ. ಎದೆಯ ಪಟ್ಟಿಯನ್ನು ಕೆಳಗಿನಿಂದ ಮೇಲಕ್ಕೆ ಒತ್ತುತ್ತ ಬಂದ. ಅತ್ತಿಗೆ ಒಂದು ಕೈಯಲ್ಲಿ ಕಾಫಿ ಲೋಟ ಹಿಡಿದು, ಕರೆಂಟು ಬಿಲ್ಲಿನ ವಿಚಾರ ನನ್ನ ಹತ್ತಿರ ಮಾತಾಡುತ್ತ ಅವನ ಪಕ್ಕದಲ್ಲಿ ಹಾದುಹೋದರು. ಹಾಗೆ ಹೋಗುವಾಗಲೇ ಅವರ ಇನ್ನೊಂದು ಕೈ ಅಣ್ಣನ ಕೊರಳಿಗೆ ಹೋಯಿತು, ಗುಂಡಿಯನ್ನು ಕುಣಿಕೆಗೆ ಸಿಕ್ಕಿಸಿತು, ಕಾಲರಿನ ಎರಡು ತುದಿಯನ್ನೂ ತಟ್ಟಿ ಕೂರಿಸಿತು. ಅಣ್ಣನ ಬಲಗೈ ಇನ್ನೂ ಎದೆಯ ಹತ್ತಿರವೇ ಇತ್ತು. ಅತ್ತಿಗೆಯ ಬಾಯಿ ಮಾತ್ರ ಕರೆಂಟು ಬಿಲ್ಲನ್ನು ಬಿಟ್ಟಿರಲಿಲ್ಲ.

"ಅತ್ತಿಗೆ" ಎಂದೆ.

"ಏನೇ?"

"ನಿಮ್ಮ ಕೈ."

ಅವರು ತಮ್ಮ ಕೈಯನ್ನು ನೋಡಿಕೊಂಡರು. ಮದುವೆಗೆ ಮುಂಚಿನಿಂದಲೂ ಹೊಲಿಗೆಯಲ್ಲೇ ಇದ್ದವರು. ಅಂಗಡಿಯಿಂದ ಹೊರಡುವ ಯಾವ ಗಿರಾಕಿಯೂ ಕಾಲರ್ ಓರೆಯಾಗಿ ಮೆಟ್ಟಿಲು ಇಳಿದದ್ದಿಲ್ಲ. ಆ ಕೈಗೆ ಕೆಲಸ ಮಾಡಲು ಅತ್ತಿಗೆಯ ಅಪ್ಪಣೆಯೇ ಬೇಕಿರಲಿಲ್ಲ.

"ಅಯ್ಯೋ" ಎಂದು ಲೋಟ ಕೆಳಗಿಟ್ಟರು. "ದಿನಾ ಹೀಗೇನಾ?"

"ಹೂಂ" ಎಂದ ಅಣ್ಣ. ಅತ್ತಿಗೆ ಅಂಗಡಿ ಕೋಣೆಗೆ ಹೋಗಿ ಮಶಿನ್ ಮುಂದೆ ಸುಮ್ಮನೆ ಕೂತರು. "ಅವತ್ತು ನಾನು ಎಡಗೈ ಒಂದನ್ನೇ ಕಟ್ಟಿಕೊಂಡು ನೋಡಿದೆ ಕಣೇ. ಇನ್ನೊಂದು ಕೈ ಟೈಲರದ್ದು ಅನ್ನೋದು ಮರೆತೇಹೋಯ್ತು. ಹಾಕೋಕೆ ಅವರಿಗೂ ಬಿಡಲಿಲ್ಲ" ಎಂದರು. ಅವರ ಕಣ್ಣು ತುಂಬಿತ್ತು. ನನಗೋ, ಇಬ್ಬರ ಮೇಲೂ ಸಿಟ್ಟು, ಇಬ್ಬರ ಮೇಲೂ ಕನಿಕರ.

ಆ ದಿನವೇ ಅತ್ತಿಗೆ ತಮ್ಮ ಅರ್ಜಿಯನ್ನು ತಾವೇ ಮುಚ್ಚಿದರು. 'ತೊಟ್ಟವರು ಒಪ್ಪಿಲ್ಲ' ಎಂದು ಕಾರಣ ಬರೆದರು. ಚೀಲದವರು ಮನಸ್ಸು ತಡೆಯದೆ ಫೋನು ಮಾಡಿದರು.

"ಟೇಪಕ್ಕ, ಒಂದೇ ಒಂದು ಗುಂಡಿ ತಾನೇ? ಕೆಳಗೆ ಟಿಪ್ಪಣಿ ಹಾಕಿ ಸೇರಿಸೋಣ. ಎಷ್ಟು ಜನ ಕಾಯ್ತಿದ್ದಾರೆ."

"ಬೇಡ. ಒಬ್ಬರೇ ಇರೋರು ಇದನ್ನ ನಂಬಿ ಹೊಲಿಸ್ಕೊಂಡ್ರೆ, ಆ ಒಂದು ಗುಂಡಿ ಹಾಕೋಕೆ ಯಾರನ್ನ ಕರೀತಾರೆ?"

ಚೀಲದವರೂ ಒಪ್ಪಿ ಫೋನಿಟ್ಟರು.

ಸಂಜೆ ನಾನು ಹೋದಾಗ ಅತ್ತಿಗೆ ಶರ್ಟನ್ನು ಮಡಿಲಲ್ಲಿಟ್ಟುಕೊಂಡು ಅಣ್ಣನ ಎದುರು ಕೂತಿದ್ದರು. "ನೀವೇ ಹೇಳಿ, ಎಲ್ಲಿ ತೊಡಕು?" ಇಷ್ಟು ದಿನ ಕೇಳದೆ ಬಿಟ್ಟ ಪ್ರಶ್ನೆ ಅದು. ಅಣ್ಣ ಹೇಳಿದ. ಕುಣಿಕೆ ಚಿಕ್ಕದು, ಗುಂಡಿ ನುಣುಪು, ಸ್ಟೇರಿಂಗ್ ಹಿಡಿದು ಒರಟಾದ ಬೆರಳಿಗೆ ಸಿಕ್ಕುವುದಿಲ್ಲ, ಹಿಡಿಯುವಷ್ಟರಲ್ಲಿ ಜಾರುತ್ತದೆ. ಅತ್ತಿಗೆ ಹೂಂಗುಟ್ಟುತ್ತ ಹೊಲಿಗೆ ಬಿಚ್ಚಿದರು. ಕುಣಿಕೆ ದೊಡ್ಡದಾಯಿತು. ಹಳೆಯ ಕೋಟಿನಿಂದ ಕಿತ್ತ ಒರಟು ಗುಂಡಿ ಬಂತು. ಅದಾದ ಮೇಲೂ ಸರಿಹೋಗದೆ ಮತ್ತೆ ಬಿಚ್ಚಿದರು, ಮತ್ತೆ ಹಾಕಿದರು. ಹೀಗೆ ಅಳೆದು ಸುರಿದು ಕೊನೆಗೊಂದು ದಿನ, "ಇನ್ನು ಅವರೇ ನೋಡಲಿ" ಎಂದರು.

ಮರುದಿನ ಬೆಳಿಗ್ಗೆ ನನ್ನನ್ನು ಕರೆಸಿಕೊಂಡರು. ಅಣ್ಣನನ್ನು ಒಳಗಿನ ಕೋಣೆಯಲ್ಲಿ ಬಿಟ್ಟು, ಬಾಗಿಲು ಮುಂದಕ್ಕೆ ಮಾಡಿ, ನಾವಿಬ್ಬರೂ ಅಂಗಡಿಯಲ್ಲಿ ನಿಂತೆವು. ಒಳಗೆ ಮಂಚ ಕಿರುಗುಟ್ಟಿತು. ವೆಲ್ಕ್ರೋ ಪರ್ ಎಂದಿತು. ಆಮೇಲೆ ಸದ್ದೇ ಇಲ್ಲ. ಅತ್ತಿಗೆ ಕೊರಳಿನ ಟೇಪಿನ ಎರಡೂ ತುದಿಯನ್ನು ಬಿಗಿಯಾಗಿ ಹಿಡಿದುಕೊಂಡಿದ್ದರು. ಒಳಗಿನಿಂದ "ಥೂ" ಎಂದು ಕೇಳಿಸಿತು. ಅತ್ತಿಗೆ ಒಂದು ಹೆಜ್ಜೆ ಇಟ್ಟರು. ನಾನು ನಾದಿನಿಯ ಕೆಲಸ ಮಾಡಿದೆ, ಬಾಗಿಲಿಗೆ ಅಡ್ಡ ನಿಂತೆ.

"ಬಿಡೇ, ಒಂದು ಸಲ ನೋಡಿ ಬರ್ತೀನಿ."

"ನೋಡೋಕೆ ಕಣ್ಣು ಸಾಕು ಅತ್ತಿಗೆ. ನಿಮ್ಮ ಜೊತೆ ಕೈನೂ ಬರುತ್ತೆ."

ಬಹಳ ಹೊತ್ತಾಯಿತು. ಬಾಗಿಲು ತೆರೆದಾಗ ಅಣ್ಣನ ಹಣೆಯಲ್ಲಿ ಬೆವರಿತ್ತು. ಕೊರಳ ಗುಂಡಿ ಹಾಕಿತ್ತು. ಕಾಲರಿನ ಒಂದು ತುದಿ ಒಳಗೆ ಮಡಚಿಕೊಂಡಿತ್ತು, ಇನ್ನೊಂದು ಕಿವಿಯ ಕಡೆಗೆ ಎದ್ದು ನಿಂತಿತ್ತು. ಅವನಿಗೆ ಅದು ಗೊತ್ತಿರಲಿಲ್ಲ, ಅಥವಾ ಗೊತ್ತಿದ್ದೂ ಲೆಕ್ಕಕ್ಕೆ ತಂದುಕೊಂಡಿರಲಿಲ್ಲ. ಅತ್ತಿಗೆಯ ಕಣ್ಣು ನೆಟ್ಟಗೆ ಕಾಲರಿಗೆ ಹೋಯಿತು. ಬಲಗೈ ಮೇಲೆದ್ದಿತು. ಎದ್ದ ಕೈ ಅರ್ಧ ದಾರಿಯಲ್ಲಿ ಟೇಪನ್ನು ಹಿಡಿದುಕೊಂಡಿತು.

"ಊಟದ ಡಬ್ಬಿ ಮೇಜಿನ ಮೇಲಿದೆ" ಎಂದರು.

ಡಬ್ಬಿ ಯಾಕೆ ಎಂದು ಅಣ್ಣ ಕೇಳಲಿಲ್ಲ. ತೆಗೆದುಕೊಂಡ, ಮೆಟ್ಟಿಲಿನ ಹತ್ತಿರ ಎಡಗಾಲನ್ನು ಸ್ವಲ್ಪ ಸಂಭಾಳಿಸಿದ, ಬೀದಿಗಿಳಿದು ಬಸ್ ನಿಲ್ದಾಣದ ಕಡೆ ನಡೆದ. ಅತ್ತಿಗೆ ಅವನ ಖಾಲಿ ಕುರ್ಚಿಯ ಪಕ್ಕ, ಕಿಟಕಿಯಲ್ಲಿ ನಿಂತು ನೋಡಿದರು.

"ಕಾಲರ್ ಸೊಟ್ಟ ಇದೆ ಕಣೇ."

"ಇದೆ ಅತ್ತಿಗೆ."

"ಎಲ್ಲಿ ಹೊಲಿಸಿದ್ದು ಅಂತ ಯಾರಾದ್ರೂ ಕೇಳಿದ್ರೆ ಈ ಅಂಗಡಿ ಹೆಸರು ಹೇಳದಿದ್ರೆ ಸಾಕು" ಎಂದು ನಕ್ಕರು. ನಗುತ್ತಲೇ ಮುಖ ಆ ಕಡೆ ತಿರುಗಿಸಿಕೊಂಡು ಕಣ್ಣೊರೆಸಿಕೊಂಡರು.

ಅರ್ಜಿಯನ್ನು ಮತ್ತೆ ಹಾಕಿದೆವು. ಚೀಲದವರು ಹೊಸ ಕುಣಿಕೆಯನ್ನೂ ಹೊಲಿದು ನೋಡಿ ಒಪ್ಪಿದರು. ಈ ಸಲ ತೊಟ್ಟವರ ಸಾಲಿಗೆ ಯಾರೂ ಗೋಗರೆಯಬೇಕಾಗಲಿಲ್ಲ. ಅಣ್ಣ ಡಿಪೋದಿಂದಲೇ ಕಳಿಸಿದ: "ಒಂದೇ ಕೈಯಲ್ಲಿ ಪೂರ್ತಿ ಹಾಕಿಕೊಳ್ಳಬಹುದು. ಹೊತ್ತು ಹಿಡಿಯುತ್ತದೆ. ಕಾಲರ್ ಸೊಟ್ಟ ಕೂರುತ್ತದೆ."

ಅತ್ತಿಗೆ ಅದನ್ನು ಓದಿ ಮುಖ ಕಿವುಚಿದರು. ಪಟ್ಟಿಯಲ್ಲಿ ಅವರ ಕೈಯ ನಮೂನೆ ಅದೊಂದೇ. "ಆ 'ಸೊಟ್ಟ' ಅನ್ನೋದೊಂದನ್ನ ತೆಗೆಸಕ್ಕಾಗಲ್ವೇನೇ?"

"ತೊಟ್ಟವರ ಸಾಲು ಯಾರೂ ತಿದ್ದೋ ಹಾಗಿಲ್ಲ ಅತ್ತಿಗೆ. ನೀವೇ ಹೇಳಿ ಬರೆಸಿದ್ದು."

"ನನ್ನ ಬಾಯಿಗೆ ಬೆಂಕಿ ಹಾಕ" ಎಂದು ಗೊಣಗಿದರು. ಆಮೇಲೆ ನನ್ನಿಂದ ನಿಯಮಗಳ ಪುಟ ತೆರೆಸಿ, ಕೊನೆಗೆ ಇನ್ನೊಂದು ಸಾಲು ಸೇರಿಸಲು ಹೇಳಿದರು. ತೊಟ್ಟು ನೋಡುವ ಹೊತ್ತಿನಲ್ಲಿ ಹೊಲಿದವರು ಕೋಣೆಯ ಹೊರಗಿರಬೇಕು. ಇದಕ್ಕೆ ದಯವಿಟ್ಟು ಎಂದು ಹಾಕಲೇ ಎಂದು ಕೇಳಿದೆ. ಸ್ವಲ್ಪ ಯೋಚಿಸಿ, "ಇದೊಂದಕ್ಕೆ ಹಾಕು" ಎಂದರು.

ಅಣ್ಣ ಈಗ ದಿನವೂ ಕೌಂಟರಿನಲ್ಲಿ ಕೂತು, ಕೇಳಿದವರಿಗೆ ಕೇಳಿದಷ್ಟೇ ಉತ್ತರ ಕೊಡುತ್ತಾನೆ. ಬೆಳಿಗ್ಗೆ ಅವನು ಶರ್ಟು ಹಾಕಿಕೊಳ್ಳುವ ಹೊತ್ತಿಗೆ ಅತ್ತಿಗೆ ಅಂಗಡಿಗೆ ಬಂದು ನಿಲ್ಲುತ್ತಾರೆ, ಎರಡೂ ಕೈಯಲ್ಲಿ ಟೇಪು ಹಿಡಿದುಕೊಂಡು.